ಲಕ್ವ ಹೊಡೆದ ಕೈಗೆ ಮ್ಯಾಜಿಕ್ ಕಲಿಸಿ

ನಮಸ್ಕಾರ. ವಾರ್ಡಿಗೆ ಜಾದೂಗಾರರನ್ನ ಕರೆಸಿ ಶೋ ಮಾಡಿಸಿದ್ರೆ ರೋಗಿಗಳು ನಗ್ತಾರೆ, ಮನಸ್ಸು ಹಗುರಾಗುತ್ತೆ. ಒಳ್ಳೇದೇ. ಆದ್ರೆ ಲಕ್ವ ಹೊಡೆದ ಕೈ ಪಳಗಬೇಕಾದ್ರೆ ಮ್ಯಾಜಿಕ್ ಮಾಡೋರು ರೋಗಿನೇ ಆಗಿರಬೇಕು.

ಅಮೆರಿಕದಲ್ಲಿ ಜಾದೂಗಾರ ಡೇವಿಡ್ ಕಾಪರ್‌ಫೀಲ್ಡ್ 1982ರಲ್ಲೇ ಇದಕ್ಕಂತ ‘ಪ್ರಾಜೆಕ್ಟ್ ಮ್ಯಾಜಿಕ್’ ಶುರು ಮಾಡಿದ್ರು. ಬ್ರಿಟನ್ನಿನ ‘ಬ್ರೀದ್ ಮ್ಯಾಜಿಕ್’ ಶಿಬಿರದಲ್ಲಿ ಒಂದು ಪಕ್ಕ ಬಲ ಕಮ್ಮಿ ಇರೋ ಮಕ್ಕಳಿಗೆ 10 ದಿನದಲ್ಲಿ 60 ಗಂಟೆ ಮ್ಯಾಜಿಕ್ ತರಬೇತಿ.

ನಮ್ಮಲ್ಲಿ? ಮೈಸೂರಲ್ಲಿ ಡಿಸ್ಚಾರ್ಜ್ ಆಗಿ ನಾಗಮಂಗಲದ ಕಡೆ ಊರಿಗೆ ಹೋದೋರಿಗೆ ಫಿಸಿಯೋಥೆರಪಿಗೆ ಅಂತ ವಾರಕ್ಕೆ ಮೂರು ಸಲ ಬಸ್ ಹತ್ತೋದು ಆಗೋ ಮಾತಲ್ಲ. ಮನೇಲಿ ಬಾಲ್ ಹಿಚುಕಿ ಹಿಚುಕಿ ಬೇಜಾರಾಗಿ ಬಿಟ್ಟುಬಿಡ್ತಾರೆ. ಅಲ್ಲಿಗೆ ಬೇಕಾಗಿರೋದು ಒಂದು ರಬ್ಬರ್ ಬ್ಯಾಂಡು.

ಲಕ್ವ ಆದ ಕೈಯ ಮೊಣಕೈ ಮೇಜಿನ ಮೇಲಿಡಿ, ಅಂಗೈ ನಿಮ್ಮ ಕಡೆ. ಬ್ಯಾಂಡನ್ನ ತೋರುಬೆರಳು, ನಡುಬೆರಳಿನ ಬುಡಕ್ಕೆ ಹಾಕಿ. ಚೆನ್ನಾಗಿರೋ ಕೈಯಿಂದ ಅದನ್ನ ಅಂಗೈ ಕಡೆ ಎಳೆದು, ಮುಷ್ಟಿ ಕಟ್ಟುತ್ತಾ ನಾಲ್ಕೂ ಬೆರಳ ತುದಿ ಅದರೊಳಗೆ ತೂರಿಸಿ. ಈಗ ಬೆರಳು ಬಿಚ್ಚಿ. ಬ್ಯಾಂಡು ಉಂಗುರಬೆರಳು, ಕಿರುಬೆರಳಿಗೆ ನೆಗೆಯುತ್ತೆ!

ಈ ಬಿಚ್ಚೋದೇ ಔಷಧ. ಲಕ್ವ ಆದ ಕೈ ಹೆಚ್ಚಾಗಿ ಮುಚ್ಚಿಕೊಳ್ಳುತ್ತೆ, ಸುಲಭಕ್ಕೆ ತೆರೆಯಲ್ಲ. ಬಾಲ್ ಹಿಚುಕೋದ್ರಲ್ಲಿ ತೆರೆಯೋ ಕೆಲಸವೇ ಇಲ್ಲ. ಎಡವೋದೂ ಇಲ್ಲೇ. ಹೆಬ್ಬೆರಳು ಮುಷ್ಟಿಯೊಳಗೆ ಸಿಕ್ಕಿಕೊಂಡ್ರೆ ಬ್ಯಾಂಡು ನೆಗೆಯಲ್ಲ, ಮೊದಲು ಹೊರಗೆ ತನ್ನಿ. ತರಕಾರಿ ಕಟ್ಟಿನ ಸಣ್ಣ ಬ್ಯಾಂಡು ಬೇಡ. ಬಿಗಿ ಜಾಸ್ತಿಯಾದ್ರೆ ಬೆರಳು ಇನ್ನೂ ಮುದುಡುತ್ತೆ. ದೊಡ್ಡದು, ಸಡಿಲ ಇರೋದು ತಗೊಳ್ಳಿ. ಸ್ಪರ್ಶ ಗೊತ್ತಾಗದ ಕೈಗೆ ಚರ್ಮ ಕೊರೆದರೂ ತಿಳಿಯಲ್ಲ, ಆದ್ದರಿಂದ ಮುಗಿದ ತಕ್ಷಣ ತೆಗೆದು ನೋಡಿ. ಒಂದು ಸಲಕ್ಕೆ 10 ನಿಮಿಷ ಸಾಕು, ನೋವು ಬಂದ್ರೆ ನಿಲ್ಲಿಸಿ.

ಬೆರಳು ಒಂಚೂರೂ ಬಿಚ್ಚದೇ ಇದ್ರೆ ಇದು ಬೇಡ, ಪೇಪರ್ ಕ್ಲಿಪ್ಪಿಂದ ಶುರು ಮಾಡಿ. 15 ಸೆಂ.ಮೀ. ಉದ್ದ, 6 ಸೆಂ.ಮೀ. ಅಗಲದ ಗಟ್ಟಿ ಕಾಗದವನ್ನ ಬೀಸಣಿಗೆ ಥರ ಮೂರು ಮಡಿಕೆ ಮಾಡಿ. ಮುಂದಿನ ಮಡಿಕೆ–ನಡು ಮಡಿಕೆಗೆ ಒಂದು ಕ್ಲಿಪ್, ನಡು–ಹಿಂದಿನದಕ್ಕೆ ಇನ್ನೊಂದು. ಎರಡು ತುದಿ ಸರಕ್ಕನೆ ಎಳೆದ್ರೆ ಕ್ಲಿಪ್ಪುಗಳು ಒಂದಕ್ಕೊಂದು ಕೊಂಡಿ ಹಾಕ್ಕೊಂಡು ಹಾರುತ್ತವೆ. ಒಂದೇ ಕ್ಲಿಪ್ ಮೂರೂ ಮಡಿಕೆ ಹಿಡಿದ್ರೆ ಕೊಂಡಿ ಬೀಳಲ್ಲ. ಬಲ ಇಲ್ಲದ ಕೈ ಬರೀ ಕಾಗದ ಒತ್ತಿ ಹಿಡಿದ್ರೂ ಅದು ಕೆಲಸವೇ. ಪುಟ್ಟ ಮಕ್ಕಳ ಕೈಗೆ ಕ್ಲಿಪ್ ಸಿಗದ ಹಾಗೆ ನೋಡ್ಕೊಳ್ಳಿ.

ಮೈಸೂರು, ಮಂಡ್ಯದ ಫಿಸಿಯೋಥೆರಪಿಸ್ಟ್‌ಗಳಿಗೆ ನಮ್ಮ ಕೋರಿಕೆ ಇಷ್ಟೇ: ಯಾವ ಕೈಗೆ ಯಾವುದು ಸರಿ ಅಂತ ನೀವೇ ನೋಡಿ, ಡಿಸ್ಚಾರ್ಜ್ ದಿನ ಇವೆರಡರಲ್ಲಿ ಒಂದನ್ನ ರೋಗಿಗೂ, ಜೊತೆಗಿರೋ ಮನೆಯವರಿಗೂ ಕಲಿಸಿ ಕಳಿಸಿ.