ವಿಕಿರಣ: ಕಾಗುಣಿತ, ಹುಟ್ಟು, ಅರ್ಥ

ಎಲ್ಲರಿಗೂ ನಮಸ್ಕಾರ.

ಇಂದಿನ ಮಾತು ‘ವಿಕಿರಣ’ ಎಂಬ ಒಂದೇ ಪದದ ಬಗ್ಗೆ, ಇಂಗ್ಲಿಷಿನ ‘ರೇಡಿಯೇಷನ್’ಗೆ ನಾವು ಬಳಸುವ ಪದ. ಕಾಗುಣಿತದಿಂದಲೇ ಶುರು ಮಾಡೋಣ. ‘ಕಿ’ಗೆ ದೀರ್ಘ ಕೊಟ್ಟು ‘ವಿಕೀರಣ’ ಎಂದು ಬರೆಯುವವರಿದ್ದಾರೆ. ಆ ದೀರ್ಘ ಎಲ್ಲಿಂದ ಬಂತು ಎಂಬುದನ್ನು ಊಹಿಸಬಹುದು. ಸಂಕೀರ್ಣ, ಪ್ರಕೀರ್ಣ, ವಿಕೀರ್ಣ ಇವೆಲ್ಲ ನಮಗೆ ಬಳಕೆಯಾದ ಪದಗಳೇ. ಇವುಗಳ ಧಾತುವೂ ವಿಕಿರಣದ ಧಾತುವೂ ಒಂದೇ: ‘ಕೄ’, ಅಂದರೆ ಚೆಲ್ಲು, ಎರಚು. ಈ ಧಾತುವಿನ ಮುಂದೆ ಸ್ವರ ಬಂದರೆ ‘ಕಿರ್’ ಆಗುತ್ತದೆ, ವ್ಯಂಜನ ಬಂದರೆ ‘ಕೀರ್’. ಹಾಗಾಗಿ ಕೀರ್ಣಕ್ಕೆ ದೀರ್ಘ, ಕಿರಣಕ್ಕೆ ಹ್ರಸ್ವ. ವಿಜ್ಞಾನದ ಬರಹದಲ್ಲಿ ‘ವಿಕಿರಣ’ವೇ ಸರಿ.

ದೀರ್ಘದ ರೂಪಕ್ಕೂ ಒಂದು ನೆಲೆ ಉಂಟು ಎನ್ನುವುದನ್ನು ಹೇಳಲೇಬೇಕು. ಅಮರಕೋಶ ಎಕ್ಕದ ಗಿಡಕ್ಕೆ ಕೊಡುವ ಹೆಸರುಗಳಲ್ಲಿ ‘ವಿಕೀರಣ’ವೂ ಒಂದು. ಆ ಜಾಗದಲ್ಲಿ ಛಂದಸ್ಸೂ ಗುರುವನ್ನೇ ಕೇಳುತ್ತದೆ. ಆದ್ದರಿಂದ ಭೌತವಿಜ್ಞಾನದ ಪುಸ್ತಕದಲ್ಲಿ ‘ವಿಕೀರಣ’ ಎಂದು ಬರೆದರೆ ಗಿಡದ ಹೆಸರು ಬರೆದಂತಾಗುತ್ತದೆ.

ಇನ್ನು ‘ಕಿರಣ’. ನಾವು ಅದನ್ನು ಬೆಳಕಿನ ಗೆರೆ ಎಂದೇ ತಿಳಿದಿದ್ದೇವೆ. ಋಗ್ವೇದದಲ್ಲಿ ಅದರ ಅರ್ಥ ಬೇರೆ: ಧೂಳು, ಸಣ್ಣ ಧೂಳಿನ ಕಣ. ದಧಿಕ್ರಾ ಎಂಬ ಕುದುರೆಯನ್ನು ಹೊಗಳುವ ಸೂಕ್ತದಲ್ಲಿ ಓಡುವ ಕುದುರೆ ಎಬ್ಬಿಸುವ ಧೂಳಿನ ಮಾತು ಬರುತ್ತದೆ. ಅಲ್ಲಿ ‘ರೇಣು’ವಿನ ಜೊತೆಗೇ ‘ಕಿರಣ’ ಇದೆ. ಎರಚಿದ್ದು ಕಿರಣ, ಮೊದಲು ಧೂಳು, ಆಮೇಲೆ ಬೆಳಕು. ಇದು ನನಗೆ ತುಂಬ ಇಷ್ಟವಾದ ಸಂಗತಿ. ಏಕೆಂದರೆ ಆಲ್ಫಾ ಕಿರಣ ಎಂದು ನಾವು ಕರೆಯುವುದು ನಿಜಕ್ಕೂ ಕಣಗಳ ಹರಿವು, ಒಂದೊಂದೂ ಹೀಲಿಯಂ ಪರಮಾಣುವಿನ ಬೀಜ. ಬೀಟಾ ಕಿರಣವೆಂದರೆ ವೇಗವಾಗಿ ಹೊರಚಿಮ್ಮುವ ಎಲೆಕ್ಟ್ರಾನುಗಳು.

ಲ್ಯಾಟಿನ್ನಿನ ‘ರೇಡಿಯಸ್’ ಹಿಡಿದ ದಾರಿ ಬೇರೆ. ಅದು ಚಕ್ರದ ಅರ. ನಡುವಿನಿಂದ ಅಂಚಿಗೆ ನೆಟ್ಟಗೆ ಹೋಗುವ ಕಡ್ಡಿ. ರೇಡಿಯೇಷನ್, ರೇಡಿಯೋ, ರೇಡಿಯಂ ಎಲ್ಲ ಅದರ ಸಂತಾನ. ಯುರೇನಿಯಂ ಲವಣದಿಂದ ತಾನಾಗಿ ಹೊಮ್ಮುವ ಕಿರಣಗಳನ್ನು ಆಂರಿ ಬೆಕೆರೆಲ್ 1896ರಲ್ಲಿ ಕಂಡರು. 1898ರ ಜುಲೈನಲ್ಲಿ ಕ್ಯೂರಿ ದಂಪತಿ ತಮ್ಮ ಪ್ರಬಂಧದ ಶೀರ್ಷಿಕೆಯಲ್ಲೇ ‘ರೇಡಿಯೋ ಆಕ್ಟಿವ್’ ಎಂಬ ಹೊಸ ಮಾತನ್ನು ಬಳಸಿದರು. ಕನ್ನಡದಲ್ಲಿ ಅದು ‘ವಿಕಿರಣಪಟು’ ಅಥವಾ ‘ವಿಕಿರಣಶೀಲ’, ಅಂದರೆ ತಾನಾಗಿ ವಿಕಿರಣ ಹೊಮ್ಮಿಸುವಂಥದ್ದು.

ಧಾತುವಿನ ಅರ್ಥ ಚೆಲ್ಲುವುದಾದರೂ ಬೆಳಕು ಅಣುಗಳಿಗೆ ತಾಗಿ ದಿಕ್ಕು ಬದಲಿಸುವ ‘ಚದರಿಕೆ’ ಬೇರೆ, ವಿಕಿರಣ ಬೇರೆ. ರಾಮನ್ ಅಧ್ಯಯನ ಮಾಡಿದ್ದು ಚದರಿಕೆಯನ್ನು. ವಿಕಿರಣ ಎಂದರೆ ಒಂದು ಆಕರದಿಂದ ಹೊರಟು ಹರಡುವ ಶಕ್ತಿ, ಅದು ಅಲೆಯ ರೂಪದಲ್ಲಿರಲಿ, ಕಣದ ರೂಪದಲ್ಲಿರಲಿ. ಬಿಸಿಲು ವಿಕಿರಣ. ರೇಡಿಯೋ ತರಂಗ ವಿಕಿರಣ. ಈಗ ಇಲ್ಲಿ ಕುಳಿತಿರುವ ಪ್ರತಿಯೊಬ್ಬರ ಮೈಯಿಂದಲೂ ಅವಕೆಂಪು ವಿಕಿರಣ ಹೊಮ್ಮುತ್ತಿದೆ, ಸುಮಾರು 10 ಮೈಕ್ರೋಮೀಟರ್ ತರಂಗಾಂತರದಲ್ಲಿ. ಪದ ಕಿವಿಗೆ ಬಿದ್ದೊಡನೆ ಹೆದರುವ ಅಗತ್ಯವಿಲ್ಲ. ಪರಮಾಣುವಿನಿಂದ ಎಲೆಕ್ಟ್ರಾನನ್ನು ಕಿತ್ತು ಹಾಕುವಷ್ಟು ಶಕ್ತಿ ಇರುವುದು ಎಕ್ಸ್ ಕಿರಣ, ಗಾಮಾ, ಆಲ್ಫಾ, ಬೀಟಾ ಮುಂತಾದವಕ್ಕೆ. ಅವು ಅಯಾನೀಕರಿಸುವ ವಿಕಿರಣ. ಎಚ್ಚರ ಬೇಕಾದದ್ದು ಅಲ್ಲಿ.

ನನ್ನ ನಿಜವಾದ ತಕರಾರು ಇನ್ನೊಂದು ಗೊಂದಲದ ಬಗ್ಗೆ. ವಿಕಿರಣವನ್ನೂ ವಿಕಿರಣಪಟು ವಸ್ತುವನ್ನೂ ಒಂದೇ ಎಂಬಂತೆ ಬರೆಯುತ್ತೇವೆ. 1986ರಲ್ಲಿ ಸ್ಫೋಟಗೊಂಡ ಚೆರ್ನೋಬಿಲ್ ಅಣುವಿದ್ಯುತ್ ಸ್ಥಾವರದಿಂದ ಗಾಳಿಯಲ್ಲಿ ತೇಲಿ ದೇಶದೇಶ ದಾಟಿದ್ದು ವಸ್ತು: ಅಯೋಡಿನ್-131, ಸೀಸಿಯಂ-137. ಮೊದಲನೆಯದರ ಅರ್ಧಾಯು, ಅಂದರೆ ಅದರ ಅರ್ಧ ಪಾಲು ಕ್ಷಯಿಸಲು ಬೇಕಾದ ಕಾಲ, 8 ದಿನ, ಎರಡನೆಯದರದು ಸುಮಾರು 30 ವರ್ಷ. ಅವು ಮಣ್ಣಿಗೆ ಬಿದ್ದು, ಹುಲ್ಲಿಗೆ ಸೇರಿ, ಹಾಲಿಗೆ ಬಂದು, ಹೋದಲ್ಲೆಲ್ಲ ವಿಕಿರಣ ಬೀರಿದವು. ವಸ್ತುವನ್ನು ತೊಳೆಯಬಹುದು, ಗುಡಿಸಬಹುದು, ತಿನ್ನದಂತೆ ನೋಡಿಕೊಳ್ಳಬಹುದು. ವಿಕಿರಣಕ್ಕಾದರೆ ದೂರ ನಿಲ್ಲಬೇಕು, ಅಡ್ಡ ತಡೆ ಇಡಬೇಕು, ಹತ್ತಿರವಿರುವ ಹೊತ್ತನ್ನು ಕಡಿಮೆ ಮಾಡಬೇಕು. ಪದ ಬೆರೆತರೆ ಜನ ಯಾವ ಎಚ್ಚರಿಕೆ ವಹಿಸಬೇಕು ಎಂಬುದೂ ಬೆರೆತುಹೋಗುತ್ತದೆ. ಅಳತೆಗಳೂ ಬೇರೆಯೇ: ವಸ್ತುವಿನ ಚಟುವಟಿಕೆಗೆ ಬೆಕೆರೆಲ್, ದೇಹದ ಮೇಲಾಗುವ ಪರಿಣಾಮದ ಲೆಕ್ಕಕ್ಕೆ ಸೀವರ್ಟ್.

ಈ ವ್ಯತ್ಯಾಸ ಹಿಡಿದರೆ ಇನ್ನೊಂದು ಸಂಶಯವೂ ಪರಿಹಾರವಾಗುತ್ತದೆ. ಕೋಬಾಲ್ಟ್-60 ಎಂಬ ವಿಕಿರಣಪಟು ಲೋಹದ ಗಾಮಾ ಕಿರಣ ಹಾಯಿಸಿ ಕ್ರಿಮಿಶುದ್ಧ ಮಾಡಿದ ಸಿರಿಂಜು ವಿಕಿರಣಪಟು ಆಗುವುದಿಲ್ಲ. ಆ ಕಿರಣಗಳ ಶಕ್ತಿ 1.17 ಮತ್ತು 1.33 ಮೆಗಾ ಎಲೆಕ್ಟ್ರಾನ್ ವೋಲ್ಟ್. ಸಿರಿಂಜಿನ ಪ್ಲಾಸ್ಟಿಕ್ಕಿನಲ್ಲಿರುವ ಪರಮಾಣುಗಳ ಬೀಜವನ್ನು ಮಾರ್ಪಡಿಸಲು ಅದು ಸಾಲದು. ಕೋಬಾಲ್ಟ್ ಕವಚದೊಳಗೇ ಉಳಿಯುತ್ತದೆ. ಸಿರಿಂಜಿಗೆ ತಾಗಿದ್ದು ಅದರ ವಿಕಿರಣ ಮಾತ್ರ.