ಯೀಸ್ಟ್ ಬೆಳೆದಿದೆ ಅಂತೀರಲ್ಲ, ಎಲ್ಲಿ ಬೆಳೆದಿದೆ?

ನಮಸ್ಕಾರ. ಇವತ್ತಿಗೆ ಬೇರೆ ವಿಷಯ ಬರೆದಿಟ್ಕೊಂಡಿದ್ದೆ, ಅದನ್ನ ಪಕ್ಕಕ್ಕಿಟ್ಟಿದೀನಿ. ಹೋದ ಕಂತಿನ ಕೆಳಗೆ ಒಬ್ರು ಬರೆದಿದ್ದಾರೆ: "ನನಗೆ ಸದಾ ಸುಸ್ತು, ಮರೆವು, ಹೊಟ್ಟೆ ಉಬ್ಬರ. ಬೆಳಿಗ್ಗೆ ಎದ್ದು ಲೋಟದ ನೀರಿಗೆ ಉಗುಳಿ ನೋಡಿದೆ, ಎಂಜಲು ದಾರದ ಥರ ಕೆಳಗಿಳೀತು. ಮೈತುಂಬಾ ಯೀಸ್ಟ್. ಕ್ಲೆನ್ಸ್ ಶುರು ಮಾಡಿದೀನಿ." ಕ್ಲೆನ್ಸ್ ಅಂದ್ರೆ ಮೈಯೊಳಗಿನ ಯೀಸ್ಟನ್ನ ತೊಳೆದು ಹಾಕುತ್ತೆ ಅಂತ ಡಬ್ಬಿಯಲ್ಲಿ ಮಾರೋ ಸರಕು. ಅದರ ಕೆಳಗೆ ಸಾಲಾಗಿ "ನನಗೂ ಹಾಗೇ ಆಗುತ್ತೆ", "ಯಾವ ಕ್ಲೆನ್ಸ್ ಹೇಳಿ".

ಮೈತುಂಬಾ ಅಂದ್ರೆ ಎಲ್ಲಿ? ಇವತ್ತು ನನಗಿರೋದು ಇದೊಂದೇ ಪ್ರಶ್ನೆ. ಎಲ್ಲಿ?

ಎಂಜಲು ದಾರ ದಾರವಾಗಿ ಇಳಿಯೋದು ಅದರಲ್ಲಿರೋ ಮ್ಯೂಸಿನ್ ಅನ್ನೋ ಅಂಟು ಪ್ರೋಟೀನಿಂದ. ಯಾರು ಉಗುಳಿದ್ರೂ ಇಳಿಯುತ್ತೆ. ಅಲ್ಲಿಗೆ ಆ ಪರೀಕ್ಷೆ ಮುಗೀತು.

ಈಗ ಸರಿಯಾಗಿ ಕೇಳಿ, ಯೀಸ್ಟ್ ಸುಳ್ಳು ಅಂತ ನಾನು ಹೇಳ್ತಿಲ್ಲ. ಇವರು ಯೀಸ್ಟ್ ಅನ್ನೋದು ಕ್ಯಾಂಡಿಡಾ ಅನ್ನೋ ಶಿಲೀಂಧ್ರವನ್ನ. ಅದು ಎಷ್ಟೋ ಆರೋಗ್ಯವಂತರ ಬಾಯಲ್ಲಿ, ಕರುಳಲ್ಲಿ, ಯೋನಿಯಲ್ಲಿ ತನ್ನ ಪಾಡಿಗೆ ತಾನು ಇರುತ್ತೆ. ಕಾಯಿಲೆ ಆಗೋದು ಅದು ಮಿತಿ ಮೀರಿದಾಗ. ಆಗ ಅದು ಉದ್ದುದ್ದ ಎಳೆಗಳಾಗಿ ಬೆಳೆದು ಅಂಗಾಂಶದೊಳಕ್ಕೆ ನುಗ್ಗುತ್ತೆ. ಹಾಗೆ ನುಗ್ಗುವಾಗ ಜೀವಕೋಶಕ್ಕೆ ಏಟು ಕೊಡೋ ಕ್ಯಾಂಡಿಡಾಲೈಸಿನ್ ಅನ್ನೋ ವಿಷವನ್ನ ವಿಜ್ಞಾನಿಗಳು 2016ರಲ್ಲಿ ಗುರುತಿಸಿದ್ರು. ಹಾಗಾಗಿ ಇದು ಹಗುರವಾದ ವಿಷಯ ಅಲ್ಲ. ಆದ್ರೆ ಅದು ಬೆಳೆದ ಕಡೆ ಗುರುತು ಬಿಟ್ಟೇ ಬಿಡುತ್ತೆ. ಬಾಯಲ್ಲಾದ್ರೆ ನಾಲಿಗೆ, ಕೆನ್ನೆಯ ಒಳಭಾಗದಲ್ಲಿ ಬಿಳಿ ಪದರ, ಒರೆಸಿದ್ರೆ ಕೆಳಗೆ ಕೆಂಪು. ಅನ್ನನಾಳದಲ್ಲಾದ್ರೆ ನುಂಗುವಾಗ ನೋವು. ತೊಡೆಸಂದಿ, ಎದೆಯ ಕೆಳಗಿನ ಮಡಿಕೆಯಲ್ಲಾದ್ರೆ ಕೆಂಪಾಗಿ ಉರಿಯೋ ಚರ್ಮ, ಸುತ್ತ ಸಣ್ಣ ಸಣ್ಣ ಗುಳ್ಳೆ. ಯೋನಿಯಲ್ಲಾದ್ರೆ ತುರಿಕೆ, ಉರಿ, ಗಟ್ಟಿಯಾದ ಬಿಳಿ ಸ್ರಾವ. ನಾಲ್ವರು ಹೆಂಗಸರಲ್ಲಿ ಸುಮಾರು ಮೂವರಿಗೆ ಜೀವನದಲ್ಲಿ ಒಮ್ಮೆಯಾದ್ರೂ ಇದು ಬರುತ್ತೆ. ಇದರಲ್ಲಿ ನಾಚಿಕೆ ಪಡೋಕೆ ಏನೂ ಇಲ್ಲ, ಡಾಕ್ಟರ ಹತ್ರ ಬಾಯಿಬಿಟ್ಟು ಹೇಳಿ.

ಜಾಗ ಗೊತ್ತಾಯ್ತು ಅಂದ್ರೆ ಮುಂದಿನ ಪ್ರಶ್ನೆ: ಯಾಕೆ ಬೆಳೀತು? ಆಂಟಿಬಯಾಟಿಕ್ ತಗೊಂಡ್ರಾ? ಯೀಸ್ಟನ್ನ ಹದ್ದುಬಸ್ತಿನಲ್ಲಿಡೋ ಒಳ್ಳೆ ಬ್ಯಾಕ್ಟೀರಿಯಾ ಅದರಿಂದ ಸತ್ತಿರುತ್ತೆ. ಸ್ಟೀರಾಯ್ಡ್ ಇರೋ ಇನ್ಹೇಲರ್ ಸೇದಿ ಬಾಯಿ ಮುಕ್ಕಳಿಸದೆ ಬಿಡ್ತೀರಾ? ರಾತ್ರಿ ಹಲ್ಲುಸೆಟ್ಟು ತೆಗೆಯದೆ ಮಲಗ್ತೀರಾ? ಬಸುರಿಯಾ? ಎಲ್ಲಕ್ಕಿಂತ ಮುಖ್ಯ, ಶುಗರ್ ನೋಡಿಸಿದೀರಾ? ಪದೇ ಪದೇ ಬರೋ ಯೀಸ್ಟ್ ಸೋಂಕಿನ ಹಿಂದೆ ಇನ್ನೂ ಗೊತ್ತಾಗದ ಸಕ್ಕರೆ ಕಾಯಿಲೆ ಇರಬಹುದು. ಶುಗರಿಗೆ ಕೊಡೋ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆಗಳು ಸಕ್ಕರೆಯನ್ನ ಮೂತ್ರದಲ್ಲಿ ಹೊರಗೆ ಹಾಕುತ್ತವೆ, ಅದರಿಂದ ಜನನಾಂಗದಲ್ಲಿ ಈ ಸೋಂಕು ಜಾಸ್ತಿ ಆಗುತ್ತೆ. ಗಂಡಸರಿಗೂ ಆಗುತ್ತೆ. ಮಾತ್ರೆ ನೀವೇ ನಿಲ್ಲಿಸಬೇಡಿ, ಬರೆದುಕೊಟ್ಟವರಿಗೆ ತಿಳಿಸಿ.

ಇಷ್ಟು ಕೇಳೋರು ಯಾರಾದ್ರೂ ಆ ಕ್ಲೆನ್ಸ್ ಮಾರೋ ವಿಡಿಯೋದಲ್ಲಿದಾರಾ? ಒಬ್ಬರೂ ಇಲ್ಲ! ಅವರ ಪ್ರಶ್ನೆಪಟ್ಟಿ ನೋಡಿದೀನಿ. ಸುಸ್ತಾಗುತ್ತಾ? ಸಿಹಿ ತಿನ್ನಬೇಕು ಅನಿಸುತ್ತಾ? ಸಿಟ್ಟು ಬರುತ್ತಾ? ಹಾಗಾದ್ರೆ ಯೀಸ್ಟ್. ಆ ಲೆಕ್ಕದಲ್ಲಿ ಭೂಮಿ ಮೇಲಿರೋ ಅಷ್ಟೂ ಜನಕ್ಕೆ ಯೀಸ್ಟ್.

ಇದೇನು ಹೊಸದಲ್ಲ. 1980ರ ದಶಕದಲ್ಲಿ ವಿಲಿಯಂ ಕ್ರೂಕ್ ಅನ್ನೋ ಅಮೆರಿಕನ್ ಡಾಕ್ಟರು ಈ ವಾದವನ್ನ ಜನಪ್ರಿಯ ಮಾಡಿದ್ರು. 1986ರಲ್ಲೇ ಅಲ್ಲಿನ ಅಲರ್ಜಿ ತಜ್ಞರ ಸಂಘ ಇದು ಸಾಬೀತಾಗದ ಊಹೆ ಅಂತ ಹೇಳ್ತು. 1990ರಲ್ಲಿ 42 ಹೆಂಗಸರ ಮೇಲೆ ನಡೆದ ಪರೀಕ್ಷೆಯ ಫಲಿತಾಂಶವೂ ಬಂತು. ಯೀಸ್ಟ್ ಕೊಲ್ಲೋ ನಿಸ್ಟಾಟಿನ್ ಔಷಧಿ ಒಂದು ಸರದಿ, ಬರೀ ಹುಸಿ ಮಾತ್ರೆ ಇನ್ನೊಂದು ಸರದಿ. ಯೋನಿಯ ತೊಂದರೆ ನಿಸ್ಟಾಟಿನ್‌ಗೆ ಕಡಿಮೆ ಆಯ್ತು. ಸುಸ್ತು, ಮಂಕುತನದಂಥ ಮೈಯ ತೊಂದರೆಗಳು? ಹುಸಿ ಮಾತ್ರೆಗೆ ಎಷ್ಟು ಇಳೀತೋ ಔಷಧಿಗೂ ಹೆಚ್ಚುಕಮ್ಮಿ ಅಷ್ಟೇ. ನೋಡಿದ್ರಾ? ಯೀಸ್ಟ್ ನಿಜವಾಗಿ ಎಲ್ಲಿತ್ತೋ ಅಲ್ಲಿ ಔಷಧಿ ಕೆಲಸ ಮಾಡ್ತು. ಎಲ್ಲಿ ಅನ್ನೋದೇ ಮುಖ್ಯ ಅಂತ ನಾನು ಬಡ್ಕೊಳ್ಳೋದು ಇದಕ್ಕೇ!

ಇನ್ನು "ನೀವು ಔಷಧಿ ಕಂಪನಿಗೆ ಮಾರಿಕೊಂಡಿದೀರಿ" ಅನ್ನೋರು. ಅದೇ ನಿಸ್ಟಾಟಿನ್ ಕಂಡುಹಿಡಿದಿದ್ದು ಎಲಿಜಬೆತ್ ಹೇಜನ್, ರೇಚಲ್ ಬ್ರೌನ್ ಅನ್ನೋ ಇಬ್ಬರು ಮಹಿಳಾ ವಿಜ್ಞಾನಿಗಳು, 1950ರಲ್ಲಿ ಜಗತ್ತಿಗೆ ತಿಳಿಸಿದ್ರು. ಬಂದ ರಾಯಲ್ಟಿಯನ್ನ ವಿಜ್ಞಾನದ ಸಂಶೋಧನೆಗೇ ಬಿಟ್ಟುಕೊಟ್ರು. ಕ್ಲೆನ್ಸ್ ಡಬ್ಬಿ ಮಾರಿ ಬಂದ ದುಡ್ಡನ್ನ ಯಾರು ಎಲ್ಲಿಗೆ ಕೊಟ್ಟಿದ್ದಾರೆ ಹೇಳಿ.

"ಮಲದ ರಿಪೋರ್ಟಲ್ಲಿ ಕ್ಯಾಂಡಿಡಾ ಬಂದಿದೆ." ಬರುತ್ತೆ ರೀ, ಕರುಳಲ್ಲಿ ಇರೋದೇ ಬರುತ್ತೆ. "ಸಕ್ಕರೆ ಬಿಟ್ಟೆ, ಹಗುರ ಆಯ್ತು." ಸಂತೋಷ, ಬಿಡಿ. ಸಕ್ಕರೆ ಬಿಟ್ರೆ ಯಾರಿಗೂ ನಷ್ಟ ಇಲ್ಲ. ಆದ್ರೆ ಅದರಿಂದ ಯೀಸ್ಟ್ ಉಪವಾಸ ಬಿದ್ದು ಸತ್ತುಹೋಯ್ತು ಅಂತ ಯಾವ ಲೆಕ್ಕದಲ್ಲಿ ಹೇಳ್ತೀರಿ? "ಕ್ಲೆನ್ಸ್ ಮಾಡಿದಾಗ ತಲೆನೋವು ಬಂತು, ಯೀಸ್ಟ್ ಸಾಯ್ತಿದೆ." ಇದು ಕೇಳಿದ್ರೆ ಮೈ ಉರಿಯುತ್ತೆ. ವಾಸಿ ಆದ್ರೆ ಡಬ್ಬಿಯ ಮಹಿಮೆ, ಜಾಸ್ತಿ ಆದ್ರೂ ಡಬ್ಬಿಯ ಮಹಿಮೆ! ಸೋಲೋದಕ್ಕೆ ದಾರಿಯೇ ಇಲ್ಲದ ಔಷಧಿ ಗೆದ್ದಿದೆ ಅಂತ ಹೇಗೆ ನಂಬ್ತೀರಿ?

ನಿಜವಾಗಿ ಮೈಯೆಲ್ಲ ಹರಡೋ ಯೀಸ್ಟ್ ಇದೆ, ರಕ್ತಕ್ಕೆ ಸೇರುತ್ತೆ. ಐಸಿಯುನಲ್ಲಿರೋರು, ದೊಡ್ಡ ರಕ್ತನಾಳಕ್ಕೆ ಕೊಳವೆ ಹಾಕಿಸ್ಕೊಂಡೋರು, ಕೀಮೋ ತಗೊಳ್ತಿರೋರು, ಇಂಥವರಿಗೆ ಬರೋದು. ಜೀವ ತೆಗೆಯುತ್ತೆ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಅಪಾಯದ ಶಿಲೀಂಧ್ರಗಳ ಪಟ್ಟಿ ಮಾಡಿ ಮೇಲಿನ ಸಾಲಲ್ಲಿ ಇಟ್ಟ ನಾಲ್ಕರಲ್ಲಿ ಎರಡು ಕ್ಯಾಂಡಿಡಾ ಜಾತಿಯವು. ಅದು ಬಂದೋರು ಆಸ್ಪತ್ರೆಯ ಹಾಸಿಗೆ ಮೇಲಿರ್ತಾರೆ, ಲೋಟಕ್ಕೆ ಉಗುಳಿ ನೋಡ್ತಾ ಕೂತಿರಲ್ಲ.

ಈ ಚಾನೆಲ್ಲಿನಲ್ಲಿ ನಾವು ಡಬ್ಬಿ ಮಾರಲ್ಲ, ಜಾಹೀರಾತನ್ನೂ ತಗೊಳ್ಳಲ್ಲ. ಚಂದಾದಾರರಿಂದಲೇ ನಡೀತಿದೆ, ಇನ್ನೂ ಸೇರದಿದ್ರೆ ಸೇರಿ, ಮನೆಯವರಿಗೂ ಕಳಿಸಿ. ರಕ್ತಹೀನತೆ ಬಗ್ಗೆ ಮಾಡಿದ ಕಂತೂ ಅಲ್ಲೇ ಇದೆ. ಸುಸ್ತು ಅನ್ನೋರು ಮೊದಲು ಅದನ್ನ ನೋಡಿ. ಹಿಮೋಗ್ಲೋಬಿನ್ ನೋಡಿಸಿ, ಥೈರಾಯ್ಡ್ ನೋಡಿಸಿ, ಶುಗರ್ ನೋಡಿಸಿ, ನಿದ್ದೆ ಹೇಗಿದೆ ಅಂತ ಹೇಳಿ, ಮನಸ್ಸು ಹೇಗಿದೆ ಅಂತಲೂ ಹೇಳಿ. ಯೀಸ್ಟ್ ಯೀಸ್ಟ್ ಅಂತ ತಿಂಗಳುಗಟ್ಟಲೆ ಡಬ್ಬಿ ಖಾಲಿ ಮಾಡ್ತಾ ಕೂತ್ರೆ ಒಳಗಿರೋ ನಿಜವಾದ ಕಾಯಿಲೆ ಕಾಯ್ತಾ ಕೂರಲ್ಲ ಕಣ್ರೀ, ಅದು ಬೆಳೀತಿರುತ್ತೆ! ನನ್ನ ಸಿಟ್ಟೆಲ್ಲ ಅದಕ್ಕೇ.

ಎಲ್ಲಿ ಅಂತ ಕೇಳಿ. ಮಾರೋರನ್ನ ಕೇಳಿ, ಪರಿಚಯದವರು ಹೇಳಿದ್ರೂ ಕೇಳಿ. ಎಲ್ಲಿ? ಯಾವ ಜಾಗ? ಯಾರು ನೋಡಿದ್ರು? "ಒಳಗೆಲ್ಲ" ಅಂದ್ರೆ ಎದ್ದು ಬನ್ನಿ. ದುಡ್ಡು ಕೊಡಬೇಡಿ. ಮುಂದಿನ ವಾರ ಥೈರಾಯ್ಡ್, ಇದೇ ಹೊತ್ತಿಗೆ ಸಿಗೋಣ.