ಶ್ರೀರಂಗಪಟ್ಟಣದ ಹೆಸರು ಹೊತ್ತ ಇಂಗ್ಲಿಷ್ ಪದವಿ

ಅಧ್ಯಕ್ಷರೇ, ಎದುರಿಗೆ ಕೂತಿರುವ ಗೆಳೆಯರೇ,

ಮೇ ನಾಲ್ಕು ಹತ್ತಿರ ಬಂತು ಅಂದ್ರೆ ನಮ್ಮ ಕಡೆ ಯಾರೇ ಮೈಕ್ ಹಿಡಿದರೂ ಟಿಪ್ಪು ಎಲ್ಲಿ ಬಿದ್ದ, ಯಾರು ಕೈಕೊಟ್ಟರು, ಇದೇ ಮಾತು. ಅದನ್ನು ನನಗಿಂತ ಚೆನ್ನಾಗಿ ಹೇಳುವವರು ಈ ಸಭೆಯಲ್ಲೇ ಇದ್ದಾರೆ. ನಾನು ಇವತ್ತು ತಂದಿರುವುದು ಒಂದು ಪದವಿಯ ಕತೆ. ಅದರ ಪೂರ್ತಿ ಹೆಸರನ್ನ ಒಮ್ಮೆ ಓದಿಬಿಡುತ್ತೇನೆ: ‘ಈಸ್ಟ್ ಇಂಡೀಸಿನ ಶ್ರೀರಂಗಪಟ್ಟಣ ಮತ್ತು ಮೈಸೂರಿನ, ಹಾಗೂ ಕೆಂಟ್ ಕೌಂಟಿಯ ಬೆಲ್ಮಾಂಟಿನ ಬ್ಯಾರನ್ ಹ್ಯಾರಿಸ್.’ 1815ರ ಆಗಸ್ಟ್‌ನಲ್ಲಿ ಹುಟ್ಟಿದ ಪದವಿ ಇದು. ಇನ್ನೂ ಬದುಕಿದೆ. ಎಂಟನೆಯ ಬ್ಯಾರನ್ನರ ತನಕ ಬಂದಿದೆ.

ಶ್ರೀರಂಗಪಟ್ಟಣದ ಮತ್ತು ಮೈಸೂರಿನ ಲಾರ್ಡ್! ಹಾಗಂತ ಇಲ್ಲಿ ಅವರಿಗೆ ಒಂದು ಗುಂಟೆ ಜಮೀನೂ ಇಲ್ಲ, ಬಿಡಿ. ಊರಿನ ಹೆಸರು ಅಲಂಕಾರಕ್ಕೆ. ಆದರೆ ನನ್ನದು ಒಂದೇ ಹಟ, ಹಳೇ ವಿದ್ಯಾರ್ಥಿಗಳಿಗೆ ಗೊತ್ತು. ಯಾವ ಸನದೇ ಇರಲಿ, ಅಂದ್ರೆ ಪದವಿ, ಹಕ್ಕು ಕೊಡುವ ಪತ್ರ, ಮೊದಲು ಅದರ ಒಕ್ಕಣೆ ಓದಿ. ಕೊಟ್ಟವರು ಯಾರು, ಯಾರಿಗೆ ಕೊಟ್ಟರು, ಅವರ ನಂತರ ಯಾರಿಗೆ. ನಮ್ಮ ತಾಮ್ರಶಾಸನಗಳಲ್ಲಿ ‘ಪುತ್ರಪೌತ್ರ ಪಾರಂಪರ್ಯವಾಗಿ’ ಅಂತ ಇರುತ್ತದಲ್ಲ, ಅದೇ ಜಾಗದಲ್ಲಿ ಇಂಗ್ಲಿಷರ ಸನದಿನಲ್ಲಿ ಇರುವುದು, ‘ಇವನ ದೇಹದಿಂದ, ಕಾನೂನಿನ ಪ್ರಕಾರ ಹುಟ್ಟಿದ ಗಂಡು ವಾರಸುದಾರರಿಗೆ’ ಅಂತ. ಪ್ರತಿ ಪದಕ್ಕೂ ಬೆಲೆ ಇದೆ. ದೇಹದಿಂದ ಅಂದ್ರೆ ದತ್ತು ನಡೆಯಲ್ಲ. ಕಾನೂನಿನ ಪ್ರಕಾರ ಅಂದ್ರೆ ಮದುವೆಗೆ ಮುಂಚೆ ಹುಟ್ಟಿದವರು ಹೊರಗೆ. ಗಂಡು ಅಂದ್ರೆ, ಹೇಳಬೇಕಾಗಿಯೇ ಇಲ್ಲ.

ಈ ಮೂರು ಪದ ಏನೇನು ಮಾಡಿದವು ನೋಡಿ. ಶ್ರೀರಂಗಪಟ್ಟಣದ ಮೇಲೆ ಬಂದು ಪದವಿ ಗಿಟ್ಟಿಸಿದವರು ಮುಖ್ಯವಾಗಿ ಮೂರು ಜನ. ಮೊದಲನೆಯವನು ಆಗಿನ ಗವರ್ನರ್ ಜನರಲ್ ಕಾರ್ನ್‌ವಾಲಿಸ್. 1792ರಲ್ಲಿ ಟಿಪ್ಪುವಿನ ಅರ್ಧ ರಾಜ್ಯ ಕಿತ್ತುಕೊಂಡದ್ದಕ್ಕೆ ಮಾರ್ಕ್ವಿಸ್ ಆದ, ಅಂದ್ರೆ ಬ್ಯಾರನ್ನಿಗಿಂತ ಮೇಲೆ, ಡ್ಯೂಕಿಗಿಂತ ಒಂದೇ ಮೆಟ್ಟಿಲು ಕೆಳಗೆ. ಅವನ ಮಗನಿಗೆ ಹುಟ್ಟಿದ್ದು ಐವರು ಹೆಣ್ಣುಮಕ್ಕಳು. 1823ರಲ್ಲಿ ಆ ಮಗ ಸತ್ತ, ಮಾರ್ಕ್ವಿಸ್ ಪದವಿಯೂ ಅವನ ಜೊತೆಗೇ ಹೋಯಿತು. ಐದು ಜನ ಮಕ್ಕಳಿದ್ದೂ ವಾರಸುದಾರರಿಲ್ಲ ಅಂತ ಬರೆದುಕೊಂಡರು!

ಎರಡನೆಯವನು ಗವರ್ನರ್ ಜನರಲ್ ರಿಚರ್ಡ್ ವೆಲ್ಲೆಸ್ಲಿ. 1799ರ ಯುದ್ಧ ಮಾಡಿಸಿದವನು. ಇಂಗ್ಲೆಂಡಿನ ದೊಡ್ಡ ಪದವಿ ಬರುತ್ತದೆ ಅಂತ ಕಲ್ಕತ್ತೆಯಲ್ಲಿ ಕಾಯುತ್ತಾ ಕೂತಿದ್ದ. ಕೊಟ್ಟದ್ದು ಐರ್ಲೆಂಡಿನ ಮಾರ್ಕ್ವಿಸ್ ಪದವಿ. ಐರಿಷ್ ಪದವಿ ಅಂದ್ರೆ ಆಗ ಒಂದು ಮೆಟ್ಟಿಲು ಕೆಳಗೆ. ಅದರ ಬಲದ ಮೇಲೆ ಲಂಡನ್ನಿನ ಮೇಲ್ಮನೆ ಹೌಸ್ ಆಫ್ ಲಾರ್ಡ್ಸಿನಲ್ಲಿ ಕೂರೋಕಾಗಲ್ಲ. ಸಿಟ್ಟು ನೆತ್ತಿಗೇರಿತು. ಎರಡು ಸಲ ಚಿನ್ನದ ನೀರು ಹಚ್ಚಿದ ಆಲೂಗಡ್ಡೆ ಕೊಟ್ಟಿದ್ದಾರೆ ಅಂತ ಬರೆದ. ಆಲೂಗಡ್ಡೆ ಯಾಕೆ ಅಂದ್ರೆ ಐರ್ಲೆಂಡ್, ಗೊತ್ತಾಯ್ತಲ್ಲ. ಇರಲಿ, ಆ ಆಲೂಗಡ್ಡೆಯಾದರೂ ಮಕ್ಕಳಿಗೆ ಹೋಯಿತೇ? ಅವನಿಗೂ ಐದು ಮಕ್ಕಳು. ಆದರೆ ಎಲ್ಲರೂ ತಾಯಿಯನ್ನ ಮದುವೆಯಾಗುವ ಮುಂಚೆ ಹುಟ್ಟಿದವರು. 1842ರಲ್ಲಿ ಅವನು ತೀರಿಕೊಂಡಾಗ ಆ ಮಾರ್ಕ್ವಿಸ್ ಪದವಿಯೂ ಮುಗಿಯಿತು. ತಮ್ಮ ಆರ್ಥರ್ ಡ್ಯೂಕ್ ಆದ, ಅದು ಉಳಿದಿದೆ. ಅದರ ಗಳಿಕೆ ಸ್ಪೇನು, ಪೋರ್ಚುಗಲ್ಲಿನದು, ನಮ್ಮದಲ್ಲ.

ಉಳಿದವನು ಮೂರನೆಯವನು, ಜಾರ್ಜ್ ಹ್ಯಾರಿಸ್, 1799ರಲ್ಲಿ ಕೋಟೆ ಹಿಡಿದ ಇಂಗ್ಲಿಷ್ ಸೈನ್ಯದ ಸೇನಾಪತಿ. ಈ ಮೂವರಲ್ಲಿ ಮನೆತನದ ದೃಷ್ಟಿಯಿಂದ ಕಡಿಮೆಯವನು. ಕೆಂಟಿನ ಹಳ್ಳಿಯೊಂದರ ಸಣ್ಣ ಪಾದ್ರಿಯ ಮಗ. 1775ರಲ್ಲಿ ಅಮೆರಿಕದ ಬಂಕರ್ ಹಿಲ್ ಕಾಳಗದಲ್ಲಿ ತಲೆಗೆ ಗುಂಡು ತಾಗಿತು. ವೈದ್ಯರು ಬುರುಡೆ ಕೊರೆದರು. ಆಗ ಕನ್ನಡಿಗಳನ್ನ ಹಿಡಿಸಿಕೊಂಡು ತನ್ನ ಮಿದುಳನ್ನ ತಾನೇ ನೋಡಿದೆ ಅಂತ ತಮಾಷೆಯಾಗಿ ಮನೆಗೆ ಕಾಗದ ಬರೆದ. ತನಗೆ ಮಿದುಳಿದೆ ಅಂತ ಸಾಕ್ಷಿ ಸಮೇತ ಹೇಳಬಲ್ಲ ಸೇನಾಪತಿ ಇವನೊಬ್ಬನೇ ಇರಬೇಕು!

ಈಗ ನನಗೆ ಇಷ್ಟವಾದ ಪ್ರಸಂಗ. ಸ್ವಲ್ಪ ಉದ್ದ ಆಗುತ್ತೆ, ಸಹಿಸಿಕೊಳ್ಳಿ.

1799ರ ಮೇ 4, ಶನಿವಾರ. ಕೋಟೆಯ ವಾಯವ್ಯ ಮೂಲೆಯಲ್ಲಿ ಗೋಡೆ ಒಡೆದು ದಾರಿ ಆಗಿದೆ. ಮಧ್ಯಾಹ್ನ ಒಂದು ಗಂಟೆಗೆ ನುಗ್ಗಬೇಕು ಅಂತ ಗೊತ್ತಾಗಿದೆ. ಬಿಸಿಲು ಹೇಗಿರುತ್ತೆ ಅಂತ ನಿಮಗೆ ನಾನು ಹೇಳಬೇಕಾ? ಹ್ಯಾರಿಸ್ ತನ್ನ ಡೇರೆಯಲ್ಲಿ ಒಬ್ಬನೇ ಕೂತಿದ್ದಾನೆ. ಆಗ ಒಳಗೆ ಬಂದವನು ಕ್ಯಾಪ್ಟನ್ ಮಾಲ್ಕಂ, ಮುಂದೆ ಮುಂಬೈ ಗವರ್ನರ್ ಆದನಲ್ಲ, ಅದೇ ಜಾನ್ ಮಾಲ್ಕಂ. ಮಾತುಗಾರ ಮನುಷ್ಯ. ‘ಏನು ಲಾರ್ಡ್ ಸಾಹೇಬರೇ, ಇಷ್ಟೊಂದು ಯೋಚನೆ?’ ಅಂದ. ಇನ್ನು ಕೆಲವು ಗಂಟೆಗಳಲ್ಲಿ ನಿಮಗೆ ಲಾರ್ಡ್ ಪದವಿ ಗ್ಯಾರಂಟಿ ಅನ್ನುವ ಅರ್ಥದಲ್ಲಿ ಮುಂಗಡ ಅಭಿನಂದನೆ.

ಹ್ಯಾರಿಸ್ ನಗಲಿಲ್ಲ. ಹೊಗಳಿಕೆಗೆ ಇದು ಹೊತ್ತಲ್ಲ ಮಾಲ್ಕಂ ಅಂದ. ನನ್ನ ಡೇರೆ ಬಾಗಿಲಲ್ಲಿ ನಿಂತಿರುವ ಯುರೋಪಿಯನ್ ಕಾವಲುಗಾರನನ್ನ ನೋಡಿದೆಯಾ? ಊಟ ಇಲ್ಲದೆ ಎಷ್ಟು ಸೋತಿದ್ದಾನೆ ಅಂದ್ರೆ ಒಬ್ಬ ಸಿಪಾಯಿ ತಳ್ಳಿದರೆ ಬಿದ್ದುಹೋಗುತ್ತಾನೆ. ಈ ಕೋಟೆ ಹಿಡಿಯಬೇಕು, ಇಲ್ಲ ಇಲ್ಲೇ ಸಾಯಬೇಕು ಅಂದ.

ಅದು ನಿಜವೂ ಹೌದು. ಏಪ್ರಿಲ್ ನಡುವಿನಲ್ಲೇ ಅಕ್ಕಿ ಚೀಲ ಎಣಿಸಿ ನೋಡಿದಾಗ ಲೆಕ್ಕ ಎಕ್ಕುಟ್ಟಿಹೋಗಿತ್ತು. ಅರ್ಧ ಪಡಿಯ ಮೇಲೆ ಸೈನ್ಯ ನಡೆಯುತ್ತಿತ್ತು. ದಾರಿಯಲ್ಲಿ ಎತ್ತುಗಳು ರಾಶಿ ರಾಶಿ ಸತ್ತಿದ್ದವು. ಮುಂಗಾರು ಹಿಡಿದು ಕಾವೇರಿ ತುಂಬಿದರೆ ಆಚೆ ದಡದವರು ಆಚೆ, ಈಚೆಯವರು ಈಚೆ. ನಾವು ಇದನ್ನ ಟಿಪ್ಪುವಿನ ಕೊನೆಯ ದಿನ ಅಂತ ಓದುತ್ತೇವೆ. ಆ ಡೇರೆಯಲ್ಲಿ ಕೂತು ನೋಡಿದರೆ ಎರಡೂ ಕಡೆಯವರ ಕೊನೆಯ ದಿನ ಆಗಬಹುದಿತ್ತು. ಮುಂಗಾರು ಆ ವರ್ಷ ಒಂದಿಷ್ಟು ಬೇಗ ಬಂದಿದ್ದರೆ... ಬೇಡ, ಆ ಕಡೆ ಹೋದರೆ ನಾನು ವಾಪಸ್ ಬರಲ್ಲ.

ಮಾಲ್ಕಂ ಹೇಳಿದ ‘ಲಾರ್ಡ್’ ನಿಜ ಆಗೋಕೆ 16 ವರ್ಷ ಬೇಕಾಯಿತು. ಮೊದಲು ಹ್ಯಾರಿಸನಿಗೂ ಐರಿಷ್ ಪದವಿ ತೋರಿಸಿದರು. ಬೇಡ ಅಂದ. ಆಲೂಗಡ್ಡೆ ತಿನ್ನದ ಮನುಷ್ಯ! ಜೊತೆಗೆ ಹಣದ ತಗಾದೆ ಬೇರೆ. ಕೋಟೆ ಲೂಟಿಯಲ್ಲಿ ಅವನ ಪಾಲಿಗೆ ಬಂದದ್ದು 1 ಲಕ್ಷ 42 ಸಾವಿರ ಪೌಂಡಿಗೂ ಮೇಲೆ. ಒಬ್ಬ ಸಾಮಾನ್ಯ ಸಿಪಾಯಿಯ ಪಾಲು ಐದು ಪೌಂಡಿನ ಆಸುಪಾಸು. ಇದು ಅತಿಯಾಯಿತು ಅಂತ ಕಂಪನಿಯವರೇ ಕೋರ್ಟಿಗೆ ಎಳೆದರು. ಕೊನೆಗೆ ಗೆದ್ದದ್ದು ಹ್ಯಾರಿಸ್. ಆ ದುಡ್ಡಿನಲ್ಲಿ 1801ರಲ್ಲಿ ಕೆಂಟಿನ ಫ್ಯಾವರ್‌ಶಾಮ್ ಹತ್ತಿರ ಬೆಲ್ಮಾಂಟ್ ಅನ್ನುವ ಬಂಗಲೆ ಕೊಂಡ. ಪದವಿಯ ಹೆಸರಲ್ಲಿ ಶ್ರೀರಂಗಪಟ್ಟಣದ ಜೊತೆ ಬೆಲ್ಮಾಂಟ್ ಯಾಕಿದೆ ಅಂತ ಈಗ ತಿಳಿಯಿತಲ್ಲ. ಒಂದು ಲೂಟಿಯಾದ ಊರು, ಇನ್ನೊಂದು ಆ ಲೂಟಿಯಿಂದ ಕೊಂಡ ಮನೆ. ಒಕ್ಕಣೆ ಓದಿ ಅಂತ ನಾನು ಸುಮ್ನೆ ಹೇಳಲ್ಲ.

ಪದವಿಯ ಜೊತೆ ಲಾಂಛನವೂ ಬರುತ್ತೆ. ಹ್ಯಾರಿಸನ ಲಾಂಛನದ ತುದಿಯಲ್ಲಿ ಒಂದು ಹುಲಿ. ಹಸಿರು ಬಣ್ಣದ ಹುಲಿ, ಚಿನ್ನದ ಪಟ್ಟೆ. ಎದೆಗೆ ಬಾಣ ನೆಟ್ಟಿದೆ. ತಲೆ ಮೇಲೆ ಪೂರ್ವದೇಶದ ಕಿರೀಟ. ಹಣೆಯ ಮೇಲೆ ಪಾರ್ಸಿ ಲಿಪಿಯಲ್ಲಿ ಹೈದರನ ಗುರುತು. ಅಪ್ಪನ ಹೆಸರನ್ನ ಮಗನ ಹುಲಿಯ ಹಣೆಗೆ ಬರೆದಿದ್ದಾರೆ. ಅದರ ಕೆಳಗೆ, ಗುರಾಣಿಯನ್ನ ಎತ್ತಿ ಹಿಡಿದವರು ಇಬ್ಬರು. ಒಬ್ಬ ಬ್ರಿಟಿಷ್ ಸೈನಿಕ, ಇನ್ನೊಬ್ಬ ಮಲಯ ಸೈನಿಕ. ಇಬ್ಬರೂ ಇನ್ನೂರು ವರ್ಷದಿಂದ ಗುರಾಣಿ ಹಿಡಿದುಕೊಂಡೇ ನಿಂತಿದ್ದಾರೆ, ಪಾಪ.

ಚೀಟಿ ಬಂತು. ಹದಿನೈದು ನಿಮಿಷ ಅಂತೆ. ಸರಿ, ಮುಖ್ಯವಾದ ಮಾತಿಗೆ ಬರುತ್ತೇನೆ. ಇದಕ್ಕೋಸ್ಕರವೇ ನಾನು ಇವತ್ತು ಒಪ್ಪಿಕೊಂಡದ್ದು.

ಯುದ್ಧ ಮುಗಿದ ಮೇಲೆ ಮೈಸೂರನ್ನ ಏನು ಮಾಡಬೇಕು ಅಂತ ತೀರ್ಮಾನಿಸಲು ಐದು ಜನ ಕಮಿಷನರ್‌ಗಳು ಕೂತರಲ್ಲ, ಅದರಲ್ಲಿ ಮೊದಲ ಹೆಸರೇ ಜನರಲ್ ಹ್ಯಾರಿಸ್. ಐದು ತುಂಬುತ್ತಿದ್ದ ಕೃಷ್ಣರಾಜ ಒಡೆಯರನ್ನ ಜೂನ್ 30ರಂದು ಪಟ್ಟಕ್ಕೆ ಕೂರಿಸಿದರು. ಜುಲೈ 8ರಂದು ಒಪ್ಪಂದ. ಆ ಒಪ್ಪಂದ ಸೂರ್ಯಚಂದ್ರರು ಇರುವವರೆಗೆ ನಡೆಯತಕ್ಕದ್ದು ಅಂತ ಬರೆದರು. ಕೇಳೋಕೆ ನಮ್ಮ ‘ಆಚಂದ್ರಾರ್ಕ’ದ ಹಾಗೇ ಇದೆ, ಎಷ್ಟು ಚೆನ್ನ! ಆದರೆ ನಮ್ಮ ಶಾಸನದಲ್ಲಿ ಅದರ ಜೊತೆಗಿರುವ ‘ಪುತ್ರಪೌತ್ರ’ ಇಲ್ಲಿ ಎಲ್ಲಿದೆ? ವಾರಸುದಾರರು ಮತ್ತು ಉತ್ತರಾಧಿಕಾರಿಗಳು ಅನ್ನುವ ಮಾತೇ ಆ ಕಾಗದದಲ್ಲಿಲ್ಲ.

ಅದನ್ನ ಯಾರೂ ಐವತ್ತಾರು ವರ್ಷ ಅಷ್ಟಾಗಿ ಗಮನಿಸಲಿಲ್ಲ. 1856ರಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿ ಗಮನಿಸಿದ. ಅವನೂ ನನ್ನ ಹಾಗೆಯೇ ಒಕ್ಕಣೆ ಓದುವವನು, ಉದ್ದೇಶ ಬೇರೆ ಅಷ್ಟೇ. ವಾರಸುದಾರರ ಮಾತಿಲ್ಲ, ಆದ್ದರಿಂದ ಇದು ಆ ಒಬ್ಬ ರಾಜನ ಜೀವಮಾನಕ್ಕೆ ಮಾತ್ರ ಸೇರಿದ್ದು, ಅವರ ನಂತರ ಮೈಸೂರು ನಮಗೇ ಸೇರಬೇಕು ಅಂತ ಬರೆದಿಟ್ಟು ಹೋದ. ಅರಸರಿಗೆ ಪಟ್ಟದ ಗಂಡುಮಗ ಇರಲಿಲ್ಲ. 1831ರಿಂದಲೇ ಆಡಳಿತ ಕೈತಪ್ಪಿತ್ತು. 1865ರಲ್ಲಿ ಚಾಮರಾಜೇಂದ್ರರನ್ನ ದತ್ತು ತೆಗೆದುಕೊಂಡರು. ಆ ದತ್ತನ್ನ ಸಿಂಹಾಸನಕ್ಕೆ ಒಪ್ಪಿಕೊಳ್ಳಲು ಲಂಡನ್ನಿನವರಿಗೆ 1867 ಆಯಿತು. ಅರಸರು ಮರುವರ್ಷ ತೀರಿಕೊಂಡರು. ಮುಂದಿನದು, 1881ರಲ್ಲಿ ರಾಜ್ಯ ಚಾಮರಾಜೇಂದ್ರರ ಕೈಗೆ ಮರಳುವ ತನಕ, ನಿಮಗೆಲ್ಲ ಗೊತ್ತಿರುವುದೇ.

ಈಗ ಎರಡೂ ಕಾಗದ ಪಕ್ಕಪಕ್ಕ ಇಡಿ. 1799ರ ಕಾಗದದಲ್ಲಿ ಸೂರ್ಯ ಚಂದ್ರ ಇಬ್ಬರೂ ಇದ್ದಾರೆ, ಮಕ್ಕಳಿಲ್ಲ. 1815ರ ಕಾಗದದಲ್ಲಿ ಸೂರ್ಯಚಂದ್ರರ ಗೊಡವೆಯೇ ಇಲ್ಲ, ಗಂಡುಮಕ್ಕಳ ವ್ಯವಸ್ಥೆ ಖಡಾಖಂಡಿತ. ಮೊದಲನೆಯದಕ್ಕೆ ರುಜು ಹಾಕಿದವನೇ ಎರಡನೆಯದನ್ನ ಪಡೆದವನು. ಮೈಸೂರಿಗೆ ವಾರಸಿಲ್ಲ ಅಂತ ಡಾಲ್‌ಹೌಸಿ ಬರೆಯುತ್ತಿದ್ದ ಹೊತ್ತಿಗೆ ಮದ್ರಾಸಿನಲ್ಲಿ ಗವರ್ನರ್ ಆಗಿ ಕೂತಿದ್ದವನು ಯಾರು? ‘ಶ್ರೀರಂಗಪಟ್ಟಣ ಮತ್ತು ಮೈಸೂರಿನ’ ಮೂರನೆಯ ಬ್ಯಾರನ್ ಹ್ಯಾರಿಸ್, ನಮ್ಮ ಜಾರ್ಜ್ ಹ್ಯಾರಿಸನ ಮೊಮ್ಮಗ. 1854ರಿಂದ 1859ರ ತನಕ. ಮೈಸೂರಿನ ಹೆಸರು ವಾರಸಾಗಿ ಬಂದದ್ದು ಅವನಿಗೆ, ಮೈಸೂರಿನ ಅರಸರಿಗೆ ವಾರಸಿನ ಹಕ್ಕಿಲ್ಲ! ಇದರಲ್ಲಿ ಯಾರದೋ ಹುನ್ನಾರ ಇತ್ತು ಅಂತ ನಾನು ಹೇಳುತ್ತಿಲ್ಲ. ತಮ್ಮ ಮನೆ ಕಾಗದ ಬರೆಯುವಾಗ ಇರುವ ಎಚ್ಚರ ಇನ್ನೊಬ್ಬರ ಮನೆ ಕಾಗದಕ್ಕೆ ಇರಲಿಲ್ಲ ಅನ್ನುತ್ತೇನೆ. ಪದವಿಗಳ ಇತಿಹಾಸ ನಮಗ್ಯಾಕೆ, ಅದು ಅವರ ಮನೆತನದ ಜಂಬ ಅಂತ ಯಾರೋ ಆಗಲೇ ಬಾಗಿಲ ಹತ್ತಿರ ಕೇಳಿದರಲ್ಲ, ಅವರಿಗೆ ಇದೇ ಉತ್ತರ.

ಉಳಿದ ಬ್ಯಾರನ್‌ಗಳನ್ನ ಬೇಗ ಮುಗಿಸುತ್ತೇನೆ. ಎರಡನೆಯವನು ಶ್ರೀರಂಗಪಟ್ಟಣಕ್ಕೆ ಅಪ್ಪನ ಜೊತೆಗೇ ಬಂದಿದ್ದ, ನುಗ್ಗಿದವರಲ್ಲಿ ಒಬ್ಬ. ಟಿಪ್ಪುವಿನ ಬಾವುಟಗಳನ್ನ ಇಂಗ್ಲೆಂಡಿಗೆ ಒಯ್ದು ರಾಜನಿಗೆ ಒಪ್ಪಿಸಿದ. ವಾಟರ್‌ಲೂನಲ್ಲಿ ಗಾಯ ಆಯಿತು. ಮೂರನೆಯವನ ವಿಷಯ ಹೇಳಿದೆ. ಮಂಗಳೂರು, ಬಳ್ಳಾರಿ ಆಗ ಮದ್ರಾಸಿಗೇ ಸೇರಿದ್ದವು, ಕಾರವಾರ ಕೂಡ. ಹಾಗಾಗಿ ಮೈಸೂರಿನ ಲಾರ್ಡ್‌ಗೆ ಮೈಸೂರು ಬಿಟ್ಟು ಕರಾವಳಿ, ಬಳ್ಳಾರಿ ಕನ್ನಡಿಗರ ಮೇಲೆ ದೊರೆತನ.

ನಾಲ್ಕನೆಯವನು ಕ್ರಿಕೆಟ್ಟಿನ ಲಾರ್ಡ್ ಹ್ಯಾರಿಸ್. ಹುಟ್ಟಿದ್ದು ಟ್ರಿನಿಡಾಡಿನಲ್ಲಿ, ಅಪ್ಪ ಅಲ್ಲಿ ಗವರ್ನರ್ ಆಗಿದ್ದಾಗ. ಇಂಗ್ಲೆಂಡ್ ತಂಡದ ನಾಯಕ. 1879ರಲ್ಲಿ ಸಿಡ್ನಿಯಲ್ಲಿ ರನ್‌ಔಟ್ ತೀರ್ಪಿಗೆ ಜನ ಮೈದಾನಕ್ಕೆ ನುಗ್ಗಿದಾಗ ಏಟು ತಿಂದವನು. 1890ರಿಂದ 1895ರ ತನಕ ಮುಂಬೈ ಗವರ್ನರ್. ಅಂದ್ರೆ ಧಾರವಾಡ, ಬೆಳಗಾವಿ, ವಿಜಾಪುರ, ಅಷ್ಟರಲ್ಲಿ ಅತ್ತ ಸೇರಿದ್ದ ಕಾರವಾರ, ಎಲ್ಲ ಇವನ ಕೈಕೆಳಗೆ. ಧಾರವಾಡದ ಗೆಳೆಯರು ನಗುತ್ತಿದ್ದೀರಿ, ನಗಿ. ಐದನೆಯವನಿಗೆ ಗಡಿಯಾರದ ಹುಚ್ಚು. ಬೆಲ್ಮಾಂಟಿನ ತುಂಬಾ ಮುನ್ನೂರಕ್ಕೂ ಜಾಸ್ತಿ ಗಡಿಯಾರ ಸೇರಿಸಿಟ್ಟ. 1984ರಲ್ಲಿ ತೀರಿಕೊಂಡ.

ಆಮೇಲೆ ಆದದ್ದು ಮತ್ತೆ ಒಕ್ಕಣೆಯ ಆಟ. ಆರನೆಯವರು 1995ರಲ್ಲಿ ಹೋದರು, ಆ ಕವಲಿನಲ್ಲಿ ಮುಂದೆ ಗಂಡು ವಾರಸು ಇರಲಿಲ್ಲ. ಪದವಿ ಮೊದಲ ಬ್ಯಾರನ್ನನ ವಂಶದ ದೂರದ ದಾಯಾದಿಗೆ ಹಾರಿತು. ಅವರಿಗೂ ವಯಸ್ಸಾಗಿತ್ತು, ವರ್ಷದೊಳಗೆ ತೀರಿಕೊಂಡರು. 1996ರಿಂದ ಎಂಟನೆಯವರು. ಬಂಗಲೆ ಮಾತ್ರ ಹೆಸರಿನ ಹಿಂದೆ ಹೋಗಲಿಲ್ಲ. ಅದೀಗ ಒಂದು ಟ್ರಸ್ಟಿನ ಕೈಯಲ್ಲಿದೆ, ಟಿಕೆಟ್ ತೆಗೆದುಕೊಂಡು ಯಾರು ಬೇಕಾದರೂ ನೋಡಬಹುದು. 1999ರಲ್ಲಿ, ಸರಿಯಾಗಿ ಇನ್ನೂರು ವರ್ಷಕ್ಕೆ, ಬರೀ ಹುಟ್ಟಿನ ಬಲದಿಂದ ಲಾರ್ಡ್ಸ್ ಸಭೆಯಲ್ಲಿ ಕೂರುವ ಹಕ್ಕನ್ನ 92 ಜನರಿಗೆ ಉಳಿಸಿ ಮಿಕ್ಕವರಿಗೆ ತೆಗೆದುಹಾಕಿದರು.

ಎರಡನೇ ಚೀಟಿ. ಕೋಟೆಗೆ ನುಗ್ಗಿದ ಸೈನ್ಯದ ಮುಂದಿದ್ದು, ಕೊನೆಗೆ ಲಾರ್ಡ್ ಪದವಿಯೂ ಇಲ್ಲದೆ ಉಳಿದ ಬೈರ್ಡನ ಜಗಳ ಹೇಳಬೇಕು ಅಂತಿದ್ದೆ. ಆಗಲ್ಲ. ಬೇಕಾದವರು ಕಾಫಿ ಹೊತ್ತಿನಲ್ಲಿ ಹಿಡಿಯಿರಿ. 1799ರ ಒಪ್ಪಂದದ ನಕಲು ತಂದಿದ್ದೇನೆ, ಆ ಮೇಜಿನ ಮೇಲಿದೆ. ದಯವಿಟ್ಟು ಮನೆಗೆ ಒಯ್ಯಬೇಡಿ, ಇಲ್ಲೇ ಓದಿ. ನಮಸ್ಕಾರ.